ಹಿಂದಿನ ಎರಡು ಬ್ರೇಕು, ಅರ್ಧ ಗ್ಲಾಸ್ ಚಹಾ

"ನಿಮ್ಮ ಬ್ರೇಕ್ ನೀವೇ ಇಟ್ಕೊರಿ!"

ಗಾಡಿಯ ಕೀಲಿಯನ್ನು ಮೇಜಿನ ಮೇಲೆ ಎಸೆದು ತುಳಸಿ ಅವನಿಗೆ ಹೇಳಿದ ಮೊದಲ ಮಾತು ಇದು. ಪ್ರೇಮಕಥೆ ಶುರುವಾಗಲು ಇದಕ್ಕಿಂತ ಒಳ್ಳೆಯ ಮಾತುಗಳಿವೆ, ಒಪ್ಪುತ್ತೇನೆ. ಆದರೆ ಆ ಮಂಗಳವಾರ ಅವಳ ಬಾಯಿಗೆ ಬಂದದ್ದು ಅದೇ.

ಜಾಗ, ಛತ್ರಪತಿ ಸಂಭಾಜಿನಗರದ ವಾಳೂಜ್ ಕಡೆಯ ಒಂದು ಗ್ಯಾರೇಜು. ಹಳೆಯ ಗಾಡಿಗಳ ಹಿಂದಿನ ಚಕ್ರದ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಕೂಡಿಸಿಕೊಡುವುದು ಅಲ್ಲಿನ ಕೆಲಸ. ಮಾಲೀಕ ರವಿಕಾಂತ, ಮೂವತ್ತೊಂದು ವರ್ಷದವನು, ಕಲಬುರಗಿ ಜಿಲ್ಲೆಯ ಆಳಂದದವನು. ಮಾತು ಕಡಿಮೆ. ಕೀಲಿ ಬಂದು ಚಹಾದ ಗ್ಲಾಸಿಗೆ ಬಡಿದಾಗಲೂ ಅವನು ಗ್ಲಾಸನ್ನಷ್ಟೇ ಪಕ್ಕಕ್ಕೆ ಸರಿಸಿದ.

ಹೊರಗೆ ಕ್ರೇನಿನ ಕೊಕ್ಕೆಗೆ ಸಿಕ್ಕಿಕೊಂಡು ಒಂದು ನೀಲಿ ಪಿಕಪ್ ನಿಂತಿತ್ತು. ಇಪ್ಪತ್ತಾರು ವರ್ಷದ ಗಾಡಿ, ತುಳಸಿಗಿಂತ ಎರಡೇ ವರ್ಷ ಚಿಕ್ಕದು. ಮೂರು ವಾರದ ಹಿಂದೆ ಅದಕ್ಕೆ ಡಿಸ್ಕ್ ಬ್ರೇಕ್ ಕೂಡಿಸಿದ್ದು ರವಿಕಾಂತನೇ.

"ರಾಚಪ್ಪ ಕಾಕಾರ ಗಾಡಿ ಅಲ್ಲೇನ್ರಿ ಇದು?" ಎಂದ.

"ಅವರ ಮಗಳು ನಾನು. ಇವತ್ತು ಸಾಯೋದಿತ್ತು, ಉಳದೀನಿ."

ಅಷ್ಟು ಹೇಳಿ ಅವಳು ಮರಾಠಿಗೆ ಜಾರಿದಳು. ನಾಶಿಕದ ಹತ್ತಿರ ಓಝರ್‌ನಲ್ಲಿ ಹುಟ್ಟಿ ಬೆಳೆದ ಹುಡುಗಿ. ಅಪ್ಪ ಅಮ್ಮನ ಬಸವಕಲ್ಯಾಣದ ಕನ್ನಡ ಮನೆಯ ಮಾತಿಗೆ ಸಾಕಾಗುತ್ತಿತ್ತು, ಜಗಳಕ್ಕೆ ಸಾಲುತ್ತಿರಲಿಲ್ಲ. ಯೇವಲಾದಿಂದ ಇಲ್ಲಿಯವರೆಗೆ ಕ್ರೇನಿನ ಡ್ರೈವರ್ ಪಕ್ಕ ಕೂತು ಕೂಡಿಸಿಟ್ಟುಕೊಂಡ ಸಿಟ್ಟು ಅದು, ಒಂದೇ ಉಸಿರಿಗೆ ಹೊರಬಂತು.

ಆಗಿದ್ದು ಇಷ್ಟು. ಓಝರ್‌ನ ಏಳು ಜನ ಹೆಂಗಸರು ಜೋಳದ ಖಡಕ್ ರೊಟ್ಟಿ ಬಡಿಯುತ್ತಾರೆ. ತುಳಸಿ ಅದನ್ನು ಮಂಗಳವಾರ ಸಂಭಾಜಿನಗರದ ಅಂಗಡಿಗಳಿಗೆ, ಶುಕ್ರವಾರ ಇಗತಪುರಿಯ ರೈಲ್ವೆ ಕೆಲಸಗಾರರ ಕ್ಯಾಂಟೀನಿಗೆ ಮುಟ್ಟಿಸುತ್ತಾಳೆ. ಏಳು ಮನೆಯ ಒಲೆ ಈ ಒಂದು ಗಾಡಿಯ ಮೇಲೆ ಉರಿಯುತ್ತದೆ. ಇಗತಪುರಿಯ ಮಳೆಗೆ ಡ್ರಮ್ ಬ್ರೇಕಿನೊಳಗೆ ನೀರು ಹೋಗಿ ಗಾಡಿ ಜಾರುತ್ತದೆಂದು ಅವಳ ಅಪ್ಪ ರಾಚಪ್ಪನವರೇ ಹಟ ಹಿಡಿದು ಡಿಸ್ಕ್ ಹಾಕಿಸಿದ್ದರು.

ಮೊದಲೆರಡು ವಾರ ಬ್ರೇಕ್ ಚೊಕ್ಕವಾಗಿ ಹಿಡಿಯುತ್ತಿತ್ತು. ಈ ಸಲ ಮನೆ ಬಿಟ್ಟಾಗ ಪೆಡಲ್ ಸ್ವಲ್ಪ ಕೆಳಗೆ ಹೋದಂತೆ ಅನಿಸಿತು. ಹೊಸದು, ಕೂಡಿಕೊಳ್ಳುತ್ತಿರಬೇಕು ಎಂದುಕೊಂಡಳು. ಯೇವಲಾದಲ್ಲಿ, ಪೈಠಣಿ ಸೀರೆ ಅಂಗಡಿಗಳ ಸಾಲಿನ ಮುಂದೆ, ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರ್ ಒಮ್ಮೆಲೇ ನಿಂತಿತು. ತುಳಸಿ ಬ್ರೇಕ್ ಒತ್ತಿದಳು. ಪೆಡಲ್ ತಳಕ್ಕೆ ಹೋಯಿತು! ಮತ್ತೆ ಒತ್ತಿದಳು, ಮತ್ತೆ… ಮೂರನೇ ಸಲಕ್ಕೆ ಗಾಡಿ ನಿಂತಾಗ ಮುಂದಿನ ಟ್ರಾಲಿಗೂ ಇದಕ್ಕೂ ಗೇಣು ಅಂತರ.

"ಟ್ರಾಲಿ ಮೇಲೆ ಒಬ್ಬಾಕಿ ಮುದುಕಿ ಕೂತಿದ್ಲು," ಎಂದಳು ಕೊನೆಗೆ, ಕನ್ನಡದಲ್ಲೇ. "ಆಕಿ ಮೂಗುತಿ ಕಾಣ್ತು ನನಗ. ಅಷ್ಟು ಹತ್ರ."

ರವಿಕಾಂತ ಗಾಡಿಯನ್ನು ಇಳಿಸಿಕೊಂಡು ಜಾಕ್ ಕೊಟ್ಟು, ಹಿಂದಿನ ಚಕ್ರಗಳನ್ನು ಬಿಚ್ಚಿ, ಕೆಳಗೆ ಮಲಗಿದ. ಬ್ರೇಕ್ ಆಯಿಲ್ ಡಬ್ಬಿ ತುಂಬಿತ್ತು. ಪೈಪಿನಲ್ಲಿ ಸೋರಿಕೆ ಇರಲಿಲ್ಲ. ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಸರಿ ಇತ್ತು. ಟಾರ್ಚ್ ಹಿಂದಕ್ಕೆ ಹಿಡಿದ, ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರಿನ ಕಡೆಗೆ. ಕೈ ಅಲ್ಲೇ ನಿಂತಿತು.

ಕ್ಯಾಲಿಪರಿಗೆ ಯಾರೋ ಕೆಂಪು ಬಣ್ಣ ಬಳಿದಿದ್ದರು. ಬ್ರಷ್ಷಿನ ಗೆರೆಗಳು ಇನ್ನೂ ಹಸಿಯಾಗಿದ್ದಂತಿದ್ದವು. ಅದಿರಲಿ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಕೂಡಿಸಿದ್ದರು! ಒಳಗಿನ ಗಾಳಿ ಹೊರಬಿಡಲು ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ಮೇಲ್ಗಡೆ ಇರಬೇಕು, ಯಾಕೆಂದರೆ ಗಾಳಿ ಮೇಲಕ್ಕೆ ಹೋಗಿ ಕೂರುತ್ತದೆ. ಈಗ ಆ ಸ್ಕ್ರೂ ತಳದಲ್ಲಿತ್ತು. ಎಷ್ಟು ಸಲ ಬಿಚ್ಚಿದರೂ ಬರೀ ಎಣ್ಣೆ ಬರುತ್ತದೆ, ಗಾಳಿ ಮೇಲೆ ಹಾಯಾಗಿ ಕೂತಿರುತ್ತದೆ. ಪೆಡಲ್ ಒತ್ತಿದರೆ ಆ ಗಾಳಿ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಮಾಡಿದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಪ್ರತಿ ಬೋಲ್ಟಿನ ತಲೆಯ ಮೇಲೂ ಕೂದಲಿನಷ್ಟು ಸಣ್ಣ ಬಿಳಿ ಗೆರೆ ಇತ್ತು. ಬೋಲ್ಟ್ ಸಡಿಲಾದರೆ ಗೆರೆ ತುಂಡಾಗಿ ಕಾಣಬೇಕೆಂದು ವಿಮಾನದ ಕೆಲಸದವರು ಎಳೆಯುವ ಗೆರೆ.

ರಾಚಪ್ಪ ಮೂವತ್ತಮೂರು ವರ್ಷ ವಿಮಾನ ಕಾರ್ಖಾನೆಯಲ್ಲಿ ಇಂಧನದ ಟ್ಯಾಂಕಿನ ವಿಭಾಗದಲ್ಲಿದ್ದವರು. ಮೂರು ವಾರದ ಹಿಂದೆ ಇಡೀ ದಿನ ಈ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಕೆಲಸ ನೋಡಿದ್ದರು. ಹೆಂಡತಿ ಹೋದ ಮೇಲೆ ಕೈ ನಡುಗುತ್ತದೆ, ಮಗಳು ಪಾನಾದ, ಅಂದರೆ ಸ್ಪ್ಯಾನರುಗಳ, ಪೆಟ್ಟಿಗೆಗೆ ಬೀಗ ಹಾಕಿಟ್ಟಿದ್ದಾಳೆ, ಹುಷಾರ್ ಹುಡುಗಿ ಎಂದು ನಗುತ್ತ ಹೇಳಿದ್ದರು. ನಕ್ಕದ್ದು ಬಾಯಿ ಮಾತ್ರ. ಅದು ರವಿಕಾಂತನಿಗೆ ನೆನಪಿತ್ತು.

'ಮಗಳಿಗೆ ಗೊತ್ತಾದರೆ ಮುದುಕ ಇನ್ನು ಒಂದು ಸ್ಕ್ರೂ ಕೂಡ ಮುಟ್ಟಲಾರ…'

ಗಾಡಿಯ ಕೆಳಗಿನಿಂದ ಹೊರಬಂದು, ಕೈ ಒರೆಸಿಕೊಳ್ಳುತ್ತ ಹೇಳಿದ. "ನಂದೇ ತಪ್ಪದ. ಎರಡು ತಾಸು ಕೊಡ್ರಿ."

ಎಂಥ ದೊಡ್ಡ ಮನಸ್ಸು ಎಂದು ನಿಮಗೆ ಅನಿಸಿದರೆ ಸ್ವಲ್ಪ ತಡೆಯಿರಿ. ನನಗೂ ಮೊದಲು ಹಾಗೇ ಅನಿಸಿತ್ತು.

ಎರಡೂ ಕ್ಯಾಲಿಪರ್ ಅದಲು ಬದಲು ಮಾಡಿದ ಮೇಲೆ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು, ಒಬ್ಬರು ಮೇಲೆ ಪೆಡಲ್ ಒತ್ತಲು, ಒಬ್ಬರು ಕೆಳಗೆ ಸ್ಕ್ರೂ ಬಿಚ್ಚಲು. ಅವನ ಮೆಕ್ಯಾನಿಕ್ ಅವತ್ತು ರಜೆ. ತುಳಸಿ ತಾನೇ ಸೀಟಿಗೆ ಹತ್ತಿದಳು.

ಒತ್ರಿ, ಹಿಡೀರಿ, ಬಿಡ್ರಿ. ಕೆಳಗಿನಿಂದ ದನಿ ಬರುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅರವತ್ತು ಸಲವಾದರೂ ಹೇಳಿದ, ಒಂದು ಸಲವೂ 'ರಿ' ಬಿಡಲಿಲ್ಲ. ಬೈಸಿಕೊಂಡವನ ದನಿಯಲ್ಲಿ ಬೇಸರ ಇರಬೇಕಲ್ಲ? ಹುಡುಕಿದಳು, ಸಿಗಲಿಲ್ಲ.

ನಡುವೆ ಒಮ್ಮೆ ಸಿಟ್ಟು ಇಳಿದು, ಅದರ ಜಾಗಕ್ಕೆ ಹೆದರಿಕೆ ಬಂತು. ಸ್ಟೇರಿಂಗ್ ಮೇಲೆ ಕೈಗಳು ತಾವಾಗಿ ನಡುಗತೊಡಗಿದವು. ಮೂಗುತಿ ಕಣ್ಣ ಮುಂದೆ ಬಂತು. ರವಿಕಾಂತ ಎದ್ದು ಬಂದವನು ಕಿಟಕಿಯಲ್ಲಿ ಅದನ್ನು ನೋಡಿದ. ಚಹಾ ತಂದಿಟ್ಟ. ಅರ್ಧ ಗ್ಲಾಸ್ ಮಾತ್ರ, ನಡುಗುವ ಕೈಯಲ್ಲೂ ಚೆಲ್ಲದಷ್ಟು. ಅದು ಮುಗಿದ ಮೇಲೆ ಇನ್ನರ್ಧ ತಂದ.

ಕೆಲಸ ಮುಗಿದಾಗ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ನಿಂತಿತು. ಪರೀಕ್ಷೆಗೆಂದು ಅವಳೇ ಓಡಿಸಿದಳು, ಅವನು ಪಕ್ಕದಲ್ಲಿ ಕೂತ. ಬ್ರೇಕ್ ಹಿಡಿಯಿತು. ರವಿಕಾಂತನ ಕಣ್ಣು ಅವಳ ಎಡಗಾಲಿನ ಮೇಲೆ ಹೋಯಿತು, ಏನೋ ಹೇಳಲು ಬಾಯಿ ತೆರೆದ. ಇವತ್ತಿಗೆ ಬೈಸಿಕೊಂಡದ್ದು ಸಾಕೆಂದು ಮುಚ್ಚಿಕೊಂಡ.

ಓಝರ್ ಮುಟ್ಟುವವರೆಗೆ ತುಳಸಿ ಆ ಅರ್ಧ ಗ್ಲಾಸನ್ನೇ ನೆನೆಯುತ್ತಿದ್ದಳು. ಅಂಥ ಮನುಷ್ಯ ಇಷ್ಟವಾಗಿಬಿಟ್ಟನಲ್ಲ! ಆದರೆ ಅವನ ಕೆಲಸ ನಂಬುವಂತಿಲ್ಲವಲ್ಲ.

ಮನೆಯಲ್ಲಿ ಅವಳು ಯೇವಲಾದ ಸುದ್ದಿ ಎತ್ತಲಿಲ್ಲ. ಬ್ರೇಕ್ ಸ್ವಲ್ಪ ಲೂಸ್ ಇತ್ತು, ಗ್ಯಾರೇಜಿನಲ್ಲಿ ನೋಡಿಕೊಟ್ಟರು ಎಂದಷ್ಟೇ ಅಂದಳು. ಅಪ್ಪನಿಗೆ ಬಿಪಿ. ಸುಮ್ಮನೆ ಯಾಕೆ?

ಹೀಗೆ ಒಬ್ಬ ಅಲ್ಲಿ ಮುಚ್ಚಿಟ್ಟ, ಒಬ್ಬಳು ಇಲ್ಲಿ ಮುಚ್ಚಿಟ್ಟಳು. ರಾಚಪ್ಪನವರಂತೂ ಮೊದಲೇ ಮುಚ್ಚಿಟ್ಟಿದ್ದರು. ಮೂವರದೂ ಒಳ್ಳೆಯ ಉದ್ದೇಶ. ಕೆಟ್ಟದಾಗಲು ಇನ್ನೇನು ಬೇಕು?

ಗುರುವಾರ ತುಳಸಿ ಜೋಳ ಕೊಳ್ಳಲು ಬಸ್ಸಿನಲ್ಲಿ ನಾಶಿಕದ ಮಾರ್ಕೆಟ್ಟಿಗೆ ಹೋದಾಗ, ರಾಚಪ್ಪ ಮತ್ತೆ ಬೀಗದ ಕೀಲಿ ಹುಡುಕಿ ಪಾನಾದ ಪೆಟ್ಟಿಗೆ ತೆರೆದರು. ಗಾಡಿಯ ಕೆಳಗೆ ಬಗ್ಗಿ ನೋಡಿದರು. ಸ್ಕ್ರೂ ಮತ್ತೆ ಮೇಲ್ಗಡೆ ಇತ್ತು. ಪಾಪ, ಒಳ್ಳೆ ಹುಡುಗ, ಎರಡನೇ ಸಲವೂ ತಲೆಕೆಳಗು ಕೂಡಿಸಿದನಲ್ಲ ಎಂದು ಮರುಗಿದರು. ಯಾರಿಗೂ ಹೇಳದೆ ಎರಡನ್ನೂ ಬಿಚ್ಚಿ, ಅದಲು ಬದಲು ಮಾಡಿ, ತಳದ ಸ್ಕ್ರೂ ಬಿಚ್ಚಿ ಎಣ್ಣೆ ಹರಿಸಿ ನೋಡಿದರು. ಒಂದು ಗುಳ್ಳೆಯೂ ಬರಲಿಲ್ಲ. ತೃಪ್ತಿಯಾಯಿತು. ಬೋಲ್ಟುಗಳ ಮೇಲೆ ಹೊಸ ಬಿಳಿ ಗೆರೆ ಎಳೆದರು.

ಶುಕ್ರವಾರ ಬೆಳಿಗ್ಗೆ ರೊಟ್ಟಿ ಡಬ್ಬಗಳನ್ನು ಹೇರಿ ತುಳಸಿ ಸೀಟಿಗೆ ಹತ್ತಿದಳು. ಯೇವಲಾ ಆದ ಮೇಲೆ ಅವಳು ಎಂಜಿನ್ ಚಾಲೂ ಮಾಡಿ ಮೊದಲು ಬ್ರೇಕ್ ಒತ್ತಿ ನೋಡದೆ ಗಾಡಿ ಸರಿಸುತ್ತಿರಲಿಲ್ಲ. ಒತ್ತಿದಳು.

ಪೆಡಲ್ ತಳಕ್ಕೆ ಹೋಯಿತು.

ಅವಳು ಎಂಜಿನ್ ಬಂದ್ ಮಾಡಿದಳು. ಮೂರೇ ದಿನ… ಚಹಾ ಕೊಟ್ಟ ಕೈಯ ಕೆಲಸ ಮೂರೇ ದಿನ ಬಾಳಿತು. ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು, ಅವನ ಬಗ್ಗೆ ಏನೇನೋ ಅಂದುಕೊಂಡಿದ್ದಕ್ಕೆ. ಫೋನ್ ತೆಗೆದು ನಾಶಿಕದ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ, ನೂರೆಂಬತ್ತು ಜನರ ಮುಂದೆ ಬರೆದಳು. ಗ್ಯಾರೇಜಿನ ಹೆಸರು, ಊರು, ಎರಡು ಸಲ ಬ್ರೇಕ್ ಹೋದದ್ದು, ಇವತ್ತು ಮೊದಲೇ ಒತ್ತಿ ನೋಡಿದ್ದಕ್ಕೆ ಉಳಿದದ್ದು, ಇಂಥವರ ಕೈಗೆ ನಿಮ್ಮ ಜೀವ ಕೊಡಬೇಡಿ ಎಂದು. ಬರೆದು ಮುಗಿಸಿದಾಗ ಕಣ್ಣೀರು ಬಂತು. ಅದನ್ನು ಗ್ರೂಪಿಗೆ ಕಳಿಸುವ ವ್ಯವಸ್ಥೆ ಇರಲಿಲ್ಲ.

ಆ ಗ್ರೂಪಿನಲ್ಲಿ ಅಫಜಲಪುರ ಕಡೆಯ ಗೊಲ್ಲಾಳಪ್ಪ ಎಂಬವರಿದ್ದರು, ಶಾಲೆಯ ಮಕ್ಕಳನ್ನು ಒಯ್ಯುವ ನಾಲ್ಕು ಹಳೆಯ ವ್ಯಾನುಗಳ ಮಾಲೀಕರು. ನಾಲ್ಕಕ್ಕೂ ಡಿಸ್ಕ್ ಕೂಡಿಸಲು ರವಿಕಾಂತನಿಗೆ ಹೇಳಿಟ್ಟಿದ್ದರು. ಅರ್ಧ ತಾಸಿನಲ್ಲಿ ಆ ಮೆಸೇಜನ್ನೇ ಅವನಿಗೆ ದಾಟಿಸಿ, ಕೆಲಸ ಬೇಡವೆಂದು ಕೆಳಗೆ ಒಂದು ಸಾಲು ಸೇರಿಸಿದರು.

ರವಿಕಾಂತ ಓದಿದ. ಕೈತಪ್ಪಿದ ವ್ಯಾನುಗಳ ಬಗ್ಗೆ ಅವನಿಗೆ ಆಮೇಲೆ ಸಂಕಟವಾಯಿತು. ಆ ಕ್ಷಣ ಅವನನ್ನು ಹೆದರಿಸಿದ್ದು 'ಎರಡು ಸಲ' ಎಂಬ ಮಾತು. ಕಾಕಾ ಮತ್ತೆ ಕೈ ಹಾಕಿದ್ದಾರೆ! ತಪ್ಪು ಯಾವುದೆಂದು ಅವರಿಗೆ ಯಾರೂ ಹೇಳಿಲ್ಲ, ಹೇಳಬೇಕಾಗಿದ್ದವನು ತಾನು. ಇವತ್ತು ಶುಕ್ರವಾರ, ಇಗತಪುರಿಯ ಘಾಟಿನ ದಿನ. ಅವಳು ಒತ್ತಿ ನೋಡದೆ ಹೊರಟಿದ್ದರೆ?

ಗಾಡಿ ಸರಿಸಬೇಡಿ, ನಾಳೆ ನಾನೇ ಬರುತ್ತೇನೆ ಎಂದು ಬರೆದು ಕಳಿಸಿದ. ಅವಳು ಓದಿ ಫೋನು ಪಕ್ಕಕ್ಕಿಟ್ಟಳು.

ಶನಿವಾರ ಮೊದಲ ಬಸ್ಸಿಗೆ ಪಾನಾದ ಚೀಲ ಹೆಗಲಿಗೆ ಹಾಕಿಕೊಂಡು ಓಝರ್‌ಗೆ ಬಂದ. ಅಂಗಳದಲ್ಲಿ ಶಾಂತಾಬಾಯಿ ರೊಟ್ಟಿ ಬಡಿಯುತ್ತಿದ್ದರು, ಏಳು ಜನರಲ್ಲಿ ಹಿರಿಯರು. ತುಳಸಿ ಬಾಗಿಲಲ್ಲಿ ನಿಂತು ನೋಡಿದಳು, ಒಂದು ಲೋಟ ನೀರು ಬೇಕೇ ಎಂದು ಕೂಡ ಕೇಳಲಿಲ್ಲ. ಶಾಂತಾಬಾಯಿಯೇ ಎದ್ದು ನೀರು ಕೊಟ್ಟು, ಬೈಸಿಕೊಳ್ಳಲಿಕ್ಕೆ ಬಸ್ಸಿನ ಟಿಕೆಟ್ ತೆಗೆಸಿ ಬರೋವ್ರನ್ನ ಇದೇ ಮೊದಲು ನೋಡ್ಲಾಕತ್ತೀನಿ ಎಂದರು.

ರಾಚಪ್ಪ ಮಾತ್ರ ಖುಷಿಯಿಂದ ಎದುರಾದರು. ಅವರ ಹತ್ತಿರ ಇದ್ದದ್ದು ಹಳೆಯ ಗುಂಡಿ ಫೋನು, ಗ್ರೂಪಿನ ಸುದ್ದಿ ಅವರಿಗೆ ತಿಳಿದಿರಲಿಲ್ಲ.

ರವಿಕಾಂತ ಕೆಳಗೆ ಬಗ್ಗಿದ. ಸ್ಕ್ರೂ ತಳದಲ್ಲಿ. ಬಿಳಿ ಗೆರೆ, ಹೊಸದು.

"ಏನಾಗ್ಯಾದ ಈ ಸಲ?" ತುಳಸಿ ಕೇಳಿದಳು. "ಮತ್ತ ನಿಮ್ಮದೇ ತಪ್ಪೇನು?"

ಹೂಂ ಎಂದುಬಿಟ್ಟರೆ ಸುಲಭವಿತ್ತು. ಇನ್ನೊಮ್ಮೆ ಸರಿ ಮಾಡಿ ಹೋಗಬಹುದಿತ್ತು. ಮುಂದಿನ ಗುರುವಾರ ಮುದುಕ ಮತ್ತೆ ಬಗ್ಗುತ್ತಿದ್ದರು.

ಅವನು ಶಾಂತಾಬಾಯಿ ಹತ್ತಿರವಿದ್ದ ನೀರಿನ ಪ್ಲಾಸ್ಟಿಕ್ ಬಾಟಲಿ ಇಸಿದುಕೊಂಡ. ಮುಚ್ಚಳ ಬಿಗಿದು ರಾಚಪ್ಪನವರ ಕೈಗೆ ಕೊಟ್ಟ. ಬಾಟಲಿಯೊಳಗೆ ನಾಲ್ಕು ಬೆರಳಷ್ಟು ಖಾಲಿ ಇತ್ತು.

"ಕಾಕಾ, ನಿಮ್ಮ ವಿಮಾನದ ಟ್ಯಾಂಕಿನಾಗ ನೀರು ಸೇರಿದ್ರ ಎಲ್ಲಿ ಕೂಡ್ತಿತ್ತು?"

"ತಳದಾಗ. ದಿನಾ ಮುಂಜಾನಿ ತಳದಿಂದ್ಲೇ ತೆಗೀತಿದ್ವಿ. ಕೆಟ್ಟದ್ದು ಯಾವತ್ತೂ ತಳಕ್ಕ ಕೂಡ್ತದ ತಮ್ಮಾ, ಮೂವತ್ತಮೂರು ವರ್ಷ ಅದನ್ನೇ ನೋಡೀನಿ."

"ಬ್ರೇಕಿನಾಗ ಕೆಟ್ಟದ್ದು ಅಂದ್ರ ಗಾಳಿ. ಬಾಟಲಿ ತಿರುವ್ಯಾಡಿ ನೋಡ್ರಿ."

ರಾಚಪ್ಪ ಬಾಟಲಿಯನ್ನು ತಲೆಕೆಳಗೆ ಮಾಡಿದರು. ಖಾಲಿ ಜಾಗ ಮೇಲಕ್ಕೆ ಬಂತು. ನೇರ ಮಾಡಿದರು. ಆಗಲೂ ಮೇಲಕ್ಕೇ ಬಂತು. ಮೂರನೇ ಸಲವೂ ತಿರುಗಿಸಿ ನೋಡಿದರು. ಅಂಗಳದಲ್ಲಿ ರೊಟ್ಟಿಯ ಸದ್ದು ನಿಂತಿತು.

"ನಾ ತಳಕ್ಕ ಮಾಡಿದ್ದೆ," ಎಂದರು ಮೆಲ್ಲಗೆ. "ಬಣ್ಣ ಹಚ್ಚಲಾಕ ಬಿಚ್ಚಿದಾಗ. ನೀನೇ ತಪ್ಪಿದಿ ಅನ್ಕೊಂಡೆ. ಮೊನ್ನೆ ಮತ್ತ ಮಾಡಿದೆ." ಆಮೇಲೆ ಮಗಳ ಕಡೆ ತಿರುಗಿದರು. "ಮಂಗಳವಾರ ರಸ್ತಾದಾಗ ಏನಾರ ಆಗಿತ್ತೇನವ್ವ?"

ತುಳಸಿ ಈಗ ಸುಳ್ಳು ಹೇಳಲಿಲ್ಲ. ಯೇವಲಾ, ಟ್ರಾಲಿ, ಮುದುಕಿ, ಮೂಗುತಿ, ಎಲ್ಲವನ್ನೂ ಹೇಳಿದಳು. ರಾಚಪ್ಪ ಕೇಳುತ್ತ ಕೇಳುತ್ತ ಗಾಡಿಯ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟರು. ಗ್ಯಾರೇಜಿನಲ್ಲಿ ರವಿಕಾಂತ ತಪ್ಪು ತನ್ನದೆಂದು ಒಪ್ಪಿಕೊಂಡದ್ದನ್ನು ಕೇಳಿದಾಗ ತಲೆ ಎತ್ತಿದರು. ಅವರು ಅಳಬಹುದೆಂದು ಎಲ್ಲರೂ ಅಂದುಕೊಂಡಿದ್ದರು. ಅವರಿಗೆ ಬಂದದ್ದು ಸಿಟ್ಟು.

"ತಮ್ಮಾ, ಕಾರ್ಖಾನಿಯೊಳಗ ನಮ್ಮ ಶಾಪಿನಾಗ ಒಂದು ರಜಿಸ್ಟರ್ ಇತ್ತು. ತಪ್ಪಾದ್ರ ಅದರಾಗ ಬರೀಬೇಕು, ಮಾಡಿದಾವನೇ ಕೆಳಗ ಸಹಿ ಹಾಕಬೇಕು. ಸಹಿ ಹಾಕಿದಾವಂಗ ಯಾರೂ ಏನೂ ಅಂತಿದ್ದಿಲ್ಲ. ಮುಚ್ಚಿಟ್ಟಾವಂಗ ಮನೀಗಿ ಕಳಸ್ತಿದ್ರು. ನಂದು ಸಹಿ ನೀ ಯಾಕ ಹಾಕಿದಿ?"

ರವಿಕಾಂತ ಮುದುಕನ ಮರ್ಯಾದೆ ಕಾಯಲು ಹೋಗಿ, ಅವರಿಗಿದ್ದ ಒಂದೇ ಮರ್ಯಾದೆಯನ್ನು ಕಸಿದುಕೊಂಡಿದ್ದ. ಅದು ಅವನಿಗೆ ಈಗ ತಿಳಿಯಿತು.

ತುಳಸಿ ಒಳಗೆ ಹೋದಳು. ಅವಳ ಹಿಂದೆಯೇ ಅಡುಗೆಮನೆಯ ಬಾಗಿಲವರೆಗೆ ಅವನೂ ಹೋದ. ಅವಳು ಅವನ ಕ್ಷಮೆ ಕೇಳಬೇಕಿತ್ತು, ನೂರೆಂಬತ್ತು ಜನರ ಮುಂದೆ ಆಡಿದ ಮಾತಿಗೆ. ಕೇಳಲೆಂದೇ ತಿರುಗಿದಳು. ಬಾಯಿಗೆ ಬಂದದ್ದು ಬೇರೆ.

"ಮಂಗಳವಾರನೇ ಒಂದು ಮಾತು ಹೇಳಿದ್ರ ಆಗ್ತಿದ್ದಿಲ್ಲೇನು? ನಾ ಶುಕ್ರವಾರ ಒತ್ತಿ ನೋಡ್ದೇ ಹೋಗಿದ್ರ? ನೀವು ಒಳ್ಳೇವ್ರು ಆಗೂದಕ್ಕ ನನ್ನ ಜೀವ ಬೇಕಿತ್ತೇನ್ರಿ?"

"ಖರೇ ಅದ," ಎಂದ ಅವನು. "ನಂದು ತಪ್ಪು. ಈ ಸಲ ಖರೇನೇ ನಂದು."

"ನಂದೂ ಅದ," ಎಂದಳು ಅವಳು, ಮುಖ ಆ ಕಡೆ ಮಾಡಿ. "ಗ್ರೂಪಿನಾಗ ಬರೆದದ್ದು. ಅಪ್ಪಗ ಹೇಳ್ದೇ ಇದ್ದದ್ದು."

ಅದಕ್ಕಿಂತ ಹೆಚ್ಚು ಮಾತು ಆಗಲಿಲ್ಲ. ಹೊರಗೆ ರಾಚಪ್ಪ ಮಗಳ ಫೋನು ಕೇಳುತ್ತಿದ್ದರು. ಗ್ರೂಪಿನಲ್ಲಿ ಏನು ಬರೆದಿದೆ ಎಂದು ಶಾಂತಾಬಾಯಿ ಅಷ್ಟರಲ್ಲಿ ಅವರಿಗೆ ಹೇಳಿಬಿಟ್ಟಿದ್ದರು. ಬರೆಯಲು ಕೈ ನಡುಗುತ್ತದೆಂದು ದನಿಯಲ್ಲೇ ಕಳಿಸಿದರು. ತಾನು ರಾಚಪ್ಪ, ಟ್ಯಾಂಕ್ ಶಾಪಿನಿಂದ ರಿಟೈರಾದವನು, ಈ ಗಾಡಿಯ ಬ್ರೇಕನ್ನು ಎರಡು ಸಲ ಕೆಡಿಸಿದ್ದು ತಾನೇ, ಗ್ಯಾರೇಜಿನ ಹುಡುಗನದು ಬೋಲ್ಟಿನಷ್ಟೂ ತಪ್ಪಿಲ್ಲ ಎಂದರು. ಕೊನೆಯಲ್ಲಿ ಸ್ವಲ್ಪ ತಡೆದು, ತಾರೀಖು ಸೇರಿಸಿದರು.

ಆಮೇಲೆ ಕ್ಯಾಲಿಪರುಗಳನ್ನು ತಂತಮ್ಮ ಜಾಗಕ್ಕೆ ಕೂಡಿಸಿದ್ದು ರಾಚಪ್ಪನವರೇ. ತುಳಸಿ ಪಾನಾದ ಪೆಟ್ಟಿಗೆಯ ಬೀಗ ತೆಗೆದು, ಕೀಲಿಯನ್ನು ಅವರ ಜೇಬಿಗೆ ಹಾಕಿದಳು. ರವಿಕಾಂತ ಟಾರ್ಚ್ ಹಿಡಿದ. ಬೋಲ್ಟ್ ಬಿಗಿಯಲು ಅವರಿಗೆ ಹೊತ್ತು ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ. ಬಿಳಿ ಗೆರೆ ಸ್ವಲ್ಪ ಸೊಟ್ಟಗೆ ಬಂತು, ಆದರೆ ಬಂತು.

ಗೊಲ್ಲಾಳಪ್ಪನವರು ಮರಳಿ ಬರಲಿಲ್ಲ. ಬೇರೆ ಇಬ್ಬರು ಗಿರಾಕಿಗಳು ಬಂದರು.

ಇಲ್ಲಿಗೆ ಇವರಿಬ್ಬರೂ ಕೈ ಹಿಡಿಯಬೇಕೆಂದು ನೀವು ಕಾಯುತ್ತಿದ್ದೀರಿ, ನನಗೆ ಗೊತ್ತು. ತುಳಸಿಯ ಮನಸ್ಸು ಅಷ್ಟು ಸಲೀಸಲ್ಲ. ಮುಂದಿನ ಐದು ಮಂಗಳವಾರ ಅವಳು ವಾಳೂಜಿನ ಗ್ಯಾರೇಜಿಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅವನು ಚಹಾ ಕೊಟ್ಟ, ಈಗ ಪೂರ್ತಿ ಗ್ಲಾಸು. ಕೂತಳು, ಮಾತಾಡಿದಳು, ನಕ್ಕಳು. ಅವನು ಮನಸ್ಸಿನ ಮಾತಿಗೆ ಹತ್ತಿರ ಬಂದಾಗಲೆಲ್ಲ ಗಾಡಿ ಚಾಲೂ ಮಾಡಿಕೊಂಡು ಹೊರಟಳು. ಇಷ್ಟಪಡುತ್ತಿರಲಿಲ್ಲವೇ? ಅದೇ ಅಲ್ಲವೇ ಕಷ್ಟ! ಬಹಳ ಇಷ್ಟಪಡುತ್ತಿದ್ದಳು. ಆ ಶಾಂತ ದನಿಯ 'ನಂದೇ ತಪ್ಪದ' ಅವಳಿಗೆ ಮರೆಯುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲ ಮನುಷ್ಯ. ಅವನ ಜೊತೆ ಬದುಕಿದರೆ ಯಾವುದು ಗಟ್ಟಿ, ಯಾವುದರಲ್ಲಿ ಗಾಳಿ ಇದೆ ಎಂದು ತಿಳಿಯುವುದು ಹೇಗೆ?

ಆರನೇ ವಾರದ ಶುಕ್ರವಾರ ಮಳೆ ಜೋರಾಗಿತ್ತು. ಘಾಟಿನಲ್ಲಿ ಬ್ರೇಕ್ ಹೇಗೆ ಹಿಡಿಯುತ್ತದೆ ನೋಡಬೇಕೆಂದು ರವಿಕಾಂತ ಹಿಂದಿನ ದಿನವೇ ಓಝರ್‌ಗೆ ಬಂದಿದ್ದ. ಖರೇ ಹೇಳಬೇಕೆಂದರೆ ಬ್ರೇಕ್ ನೆಪ, ಅದು ಶಾಂತಾಬಾಯಿಗೂ ಗೊತ್ತಿತ್ತು. ರಾಚಪ್ಪ ಬೆಳಿಗ್ಗೆ ಎದ್ದು ಗೆರೆಗಳನ್ನು ನೋಡಿ, ಹೋಗ್ರಿ ಎಂದರು.

ಇಗತಪುರಿಯಲ್ಲಿ ಡಬ್ಬ ಇಳಿಸಿದರು. ಇನ್ನೆರಡು ಡಬ್ಬ ಘಾಟಿನ ಕೆಳಗೆ ಕಸಾರಾಕ್ಕೆ ಹೋಗಬೇಕಿತ್ತು. ಇಳಿಜಾರು ಶುರುವಾಯಿತು. ವೈಪರ್ ಸಾಲದಷ್ಟು ಮಳೆ. ಮುಂದೆ ಒಂದು ಟ್ಯಾಂಕರಿನ ಕೆಂಪು ದೀಪ ಹತ್ತಿತು. ತುಳಸಿ ಬ್ರೇಕ್ ಒತ್ತಿದಳು. ಗಾಡಿ ಕೂದಲಿನಷ್ಟೂ ಜಾರದೆ ನಿಂತಿತು.

ಅವಳು ಉಸಿರು ಬಿಟ್ಟಳು. ಯೇವಲಾದಿಂದ ಹಿಡಿದುಕೊಂಡಿದ್ದ ಉಸಿರು ಅದು ಎಂದು ಅವಳಿಗೇ ಅನಿಸಿತು. ಟ್ಯಾಂಕರ್ ಸರಿಯಿತು, ಇವರೂ ಹೊರಟರು. ರಸ್ತೆಯ ಮೇಲಿನ ಕಣ್ಣು ತೆಗೆಯದೆ ಅವಳು ಹೇಳಿಬಿಟ್ಟಳು.

"ನೀವು ಅರ್ಧ ಗ್ಲಾಸ್ ಚಹಾ ಕೊಟ್ರಲ್ಲ, ಅವತ್ತೇ ನನಗ ನಿಮ್ಮ ಮ್ಯಾಲೆ ಮನಸ್ಸಾಗ್ಯಾದ. ಆದ್ರ ಹೆದರಿಕಿ ಅದ. ಅಪ್ಪನ ತಪ್ಪು ಮುಚ್ಚಿದ್ರಿ. ನಾಳೆ ನಾ ತಪ್ಪಿದ್ರ, ನನಗ ಹೇಳ್ತೀರೋ, ಅದನ್ನೂ ಮುಚ್ಚತೀರೋ?"

ರವಿಕಾಂತ ಮಾತು ಕೊಡುತ್ತೇನೆ, ಆಣೆ ಮಾಡುತ್ತೇನೆ ಎಂದೆಲ್ಲ ಹೇಳಬಹುದಿತ್ತು. ಅವನ ಕಣ್ಣು ಅವಳ ಎಡಗಾಲಿನ ಮೇಲೆ ಹೋಯಿತು, ಆ ಮೊದಲ ದಿನದಂತೆಯೇ.

"ಈಗ ಒಂದು ಹೇಳ್ಲೇನ್ರಿ? ಸಿಟ್ಟಿಗೇಳಬಾರ್ದು."

"ಹೇಳ್ರಿ."

"ಕ್ಲಚ್ ಮ್ಯಾಲೆ ಕಾಲಿಟ್ಟೇ ಗಾಡಿ ಓಡಸ್ತೀರಿ ನೀವು. ಮೊದಲನೇ ದಿನಾನೇ ನೋಡಿದ್ದೆ. ಆರು ತಿಂಗಳದಾಗ ಪ್ಲೇಟ್ ಸುಟ್ಟು ಹೋಗ್ತದ."

ಹತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದ ತುಳಸಿಗೆ ಈ ಮಾತು ಇದುವರೆಗೆ ಒಬ್ಬರೂ ಹೇಳಿರಲಿಲ್ಲ. ಕಿವಿ ಬಿಸಿಯಾಯಿತು. 'ಏನು ಧೈರ್ಯ ಈ ಮನುಷ್ಯನಿಗೆ!' ಎಂದುಕೊಂಡಳು. ಆಮೇಲೆ ಕಣ್ಣು ತುಂಬಿ ಬಂತು, ನಗುವೂ ಬಂತು, ಎರಡೂ ಒಟ್ಟಿಗೆ.

"ಮತ್ತೇನದ?" ಎಂದಳು. "ಎಲ್ಲಾ ಇವತ್ತೇ ಹೇಳಿಬಿಡ್ರಿ."

"ಮತ್ತ, ನೀವು ಅಂದ್ರ ನನಗ ಭಾಳ ಪ್ರೀತಿ. ನಿಮ್ಮನ್ನ ಬಿಟ್ಟು ನನಗ ಯಾರೂ ಬ್ಯಾಡ. ಇದೂ ಖರೇ ಅದ."

"ಇದನ್ನ ಮೊದ್ಲು ಹೇಳಬೇಕಿತ್ತು. ಕ್ಲಚ್ ಆಮ್ಯಾಲೆ."

"ತಪ್ಪಾತು."

"ಯಾರದು?"

"ನಂದೇ ರಿ. ಬೇಕಂದ್ರ ಸಹಿ ಹಾಕ್ತೀನಿ."

ತುಳಸಿ ಜೋರಾಗಿ ನಕ್ಕಳು. ಕಸಾರಾದ ಕಡೆಗೆ ಇನ್ನೂ ನಾಲ್ಕು ತಿರುವುಗಳಿದ್ದವು. ಅವಳು ಕ್ಲಚ್ಚಿನ ಮೇಲಿನಿಂದ ಕಾಲು ತೆಗೆದು ಪಕ್ಕಕ್ಕಿಟ್ಟಳು.